ದೂರಕ್ಕೋ ಹತ್ತಿರಕ್ಕೋ

ಭಾನುವಾರ, ಬೆಳಗಿನ ಕಾಫಿ ಆದಮೇಲೆ

ನನ್ನ ಮುದ್ದು ಮಾತಿನಮಲ್ಲಿ,

ಫೋನಿನಲ್ಲಿ ಹೇಳಹೊರಟರೆ "ಅಮ್ಮ, ರಿಹರ್ಸಲ್ ಇದೆ" ಎಂದು ಅರ್ಧಕ್ಕೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಕೂತು ಓದು. ನಾನು ಕ್ಯಾಮೆರಾ ಕೊಂಡಿದ್ದೇನೆ ಕಣೇ! ನಿಜವಾದದ್ದು, ಕೊರಳಿಗೆ ನೇತುಹಾಕಿಕೊಳ್ಳುವಂಥದ್ದು. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಿನ್ನಪ್ಪ ಮಾತ್ರ, ಇವಳಿಗೆ ಹೊಸ ಹುಚ್ಚು ಹಿಡಿದಿದೆ ಎಂದು ಅಕ್ಕಪಕ್ಕದವರಿಗೆಲ್ಲ ಡಂಗುರ ಸಾರುತ್ತಿದ್ದಾರೆ.

ನಿನ್ನ ನಾಟಕದ ಮಾತು ಎತ್ತುವುದಿಲ್ಲ ಎಂದು ಭಾಷೆ ಕೊಟ್ಟಿದ್ದೇನೆ, ಎತ್ತುವುದಿಲ್ಲ. ಮೊದಲ ಸಲ ಅಷ್ಟು ದೊಡ್ಡ ರಂಗಮಂದಿರ, ಮೊದಲ ಸಲ ಮುಖ್ಯ ಪಾತ್ರ. "ನೀನು ಬರ್ಬೇಡಮ್ಮ, ನಿನ್ನ ಮುಖ ಕಂಡ್ರೆ ನಂಗೆ ಮಾತೇ ಮರ್ತುಹೋಗತ್ತೆ" ಎಂದು ನೀನಂದೆ, ಆಯಿತು ಎಂದು ನಾನಂದೆ. ಅಲ್ಲಿಗೆ ಮುಗಿಯಿತು. ಈ ಕ್ಯಾಮೆರಾ ನಮ್ಮ ಮನೆಯೆದುರಿನ ಮರದ ಹಕ್ಕಿಗಳಿಗಾಗಿ.

ಬಂದದ್ದು ಕ್ಯಾಮೆರಾದ ಮೈ ಮಾತ್ರ. ಕಣ್ಣು, ಅಂದರೆ ಲೆನ್ಸು, ಬೇರೆ ಕೊಳ್ಳಬೇಕು. ಕ್ಯಾಮೆರಾ ಅಂಗಡಿಯವನು ಎರಡು ಲೆನ್ಸು ತಂದು ಮುಂದಿಟ್ಟು, "ದೂರಕ್ಕೋ ಹತ್ತಿರಕ್ಕೋ ಮೇಡಂ?" ಎಂದು ಕೇಳಿದ. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕನ್ನಡಕದಂಗಡಿಗೆ ಬಂದವರನ್ನೆಲ್ಲ ನಾನು ಮೊದಲು ಕೇಳುವುದು ಅದನ್ನೇ ತಾನೇ? ನನ್ನನ್ನು ಯಾರೂ ಕೇಳಿರಲಿಲ್ಲ.

ಕತ್ತಲಿರುವ ಹಾಲ್‌ನಲ್ಲಿ, ಒಂದೇ ಕಡೆ ಬೆಳಕಿದ್ದರೆ ಯಾವುದು ಒಳ್ಳೆಯದು ಎಂದು ಸುಮ್ಮನೆ ವಿಚಾರಿಸಿದೆ. ಹಕ್ಕಿ ಅಂದ್ರಲ್ಲ ಮೇಡಂ, ಹಕ್ಕಿ ಹಾಲ್‌ಗೆ ಯಾಕೆ ಬರತ್ತೆ ಅಂದುಬಿಟ್ಟ. ಕೆಲವರಿಗೆ ಅಧಿಕಪ್ರಸಂಗ ಜಾಸ್ತಿ.

ಆದರೆ ಕಲಿಸಿಕೊಟ್ಟ ಪುಣ್ಯಾತ್ಮ. ಲೆನ್ಸಿನ ಮೇಲೊಂದು ನಂಬರ್ ಇರುತ್ತದೆ, ಅದು ಕಡಿಮೆಯಾದಷ್ಟೂ ಮಬ್ಬು ಬೆಳಕಿನಲ್ಲಿ ಚೆನ್ನಾಗಿ ಬರುತ್ತದಂತೆ. ಹೊಸಬರಿಗೆಲ್ಲ ಇದು ತಲೆಗೆ ಹತ್ತುವುದಿಲ್ಲವಂತೆ. ನನಗೆ ತಕ್ಷಣ ಹತ್ತಿತು. ನಮ್ಮಂಗಡಿಯಲ್ಲೂ ಅಷ್ಟೇ ಅಲ್ಲವೇ, ನಂಬರ್ ಕಡಿಮೆಯಿದ್ದವರ ಕಣ್ಣೇ ಒಳ್ಳೆಯ ಕಣ್ಣು.

ಎರಡನ್ನೂ ಮನೆಗೊಯ್ದು ನೋಡಿ ಎಂದ. ದೀಪ ಆರಿಸಿ, ಮೇಜಿನ ಲ್ಯಾಂಪೊಂದನ್ನೇ ಹಚ್ಚಿ, ನಿನ್ನಪ್ಪನನ್ನು ಪಡಸಾಲೆಯ ಆ ತುದಿಗೆ ನಿಲ್ಲಿಸಿದೆ. ದೂರದ ಲೆನ್ಸು ತುಂಬಿದ ಕುಕ್ಕರಿನಷ್ಟು ಭಾರ. ಅಲ್ಲಿಂದಲೇ ಅವರ ಅಂಗಿಯ ಬಿಚ್ಚಿದ ಗುಂಡಿಯೂ ಕಂಡಿತು, ಆದರೆ ಆ ಭಾರಕ್ಕೆ ಕ್ಯಾಮೆರಾ ಅಲುಗಿ ಫೋಟೋದಲ್ಲಿ ಅವರಿಗೆ ಎರಡು ಮೂಗು ಬಂದವು. ಹತ್ತಿರದ್ದು ಪುಟಾಣಿ, ಅಂಗೈಯಲ್ಲಿ ಅಡಗುತ್ತದೆ. ಅದರಲ್ಲಿ ಹಿಂದೆ ಮುಂದೆ ಎಳೆದು ಝೂಮ್ ಮಾಡುವುದು ಏನೂ ಇಲ್ಲ. ಮುಖ ಬೇಕೆಂದರೆ ನಾವೇ ನಡೆದು ಹತ್ತಿರ ಹೋಗಬೇಕು. ಹೋದೆ. ನಿನ್ನಪ್ಪ "ಇದೇನೇ ಇಷ್ಟು ಹತ್ರ" ಎಂದು ಕೆಂಪಾದರು. ಆ ಫೋಟೋ ನೋಡಿದರೆ ನೀನು ನಂಬುವುದಿಲ್ಲ. ಕಣ್ಣಂಚಿನ ನೆರಿಗೆಯಲ್ಲೂ ನಗು ಕಾಣುತ್ತದೆ, ಹಿಂದಿನ ಗೋಡೆಯೆಲ್ಲ ಬೆಣ್ಣೆಯಂತೆ ಕರಗಿಹೋಗಿದೆ. ಬೆಳಿಗ್ಗೆಯಿಂದ ಅವರೇ ಅದನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದಾರೆ.

ಹಕ್ಕಿಗೆ ದೂರದ್ದೇ ಸರಿ, ಅದು ನನಗೂ ಗೊತ್ತು. ಆದರೂ ತೀರ್ಮಾನ ಆಗುತ್ತಿಲ್ಲ. ಹಕ್ಕಿ ಎಷ್ಟು ದೂರದಲ್ಲಿ ಕೂರುತ್ತದೋ ಹೇಳುವವರಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗಂಟಲು ಜೋಪಾನ.

ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಬರೆಯುತ್ತಿರುವ
ನಿನ್ನ ಅಮ್ಮ

ತಾ.ಕ.: ಹಕ್ಕಿ ಯಾವುದೆಂದು ನಿನಗೆ ಗೊತ್ತಾಗಿರುತ್ತದೆ. ನಾಟಕ ನೋಡಲು ನನಗೆ ತುಂಬ ಆಸೆಯಿದೆ. ಕೊನೆಯ ಸಾಲು ಎಂದರೆ ದೊಡ್ಡ ಲೆನ್ಸು ಕೊಳ್ಳುತ್ತೇನೆ, ಮೊದಲ ಸಾಲು ಎಂದರೆ ಪುಟಾಣಿ ಸಾಕು. ಬೇಡವೇ ಬೇಡ ಎಂದರೆ ಎರಡನ್ನೂ ವಾಪಸ್ ಕೊಡುತ್ತೇನೆ, ಬೇಜಾರಿಲ್ಲ. ಸುಳ್ಳು, ಬೇಜಾರಾಗುತ್ತದೆ. ಇನ್ನೊಂದು ವಿಷಯ. ನಿನ್ನೆ ನಮ್ಮಂಗಡಿಯ ಕನ್ನಡಿಯೆದುರು ನಿಂತು ಕ್ಯಾಮೆರಾವನ್ನು ಕಣ್ಣಿಗಿಟ್ಟುಕೊಂಡು ನೋಡಿದೆ. ಹಣೆ, ಕಣ್ಣು, ಮೂಗು ಎಲ್ಲ ಅದರ ಹಿಂದೆ ಅಡಗಿಹೋಗುತ್ತವೆ. ಮೊದಲ ಸಾಲಿನಲ್ಲಿ ಕೂತರೂ ನಿನಗೆ ಅಮ್ಮನ ಮುಖ ಕಾಣುವುದಿಲ್ಲ. ಬಾಯೊಂದು ಕಾಣುತ್ತದೆ. ಅದನ್ನು ಮುಚ್ಚಿಕೊಂಡಿರುತ್ತೇನೆ.