ಬುಡ ಬಿಟ್ಟು ಕೊಯ್ದದ್ದು

೧೪, ಶನಿವಾರ. ಬೆಳಿಗ್ಗೆ

ಅಚ್ಚು ಸೊಗಸಾಗಿ ಬಿದ್ದಿದೆ. ರಾತ್ರಿ ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಬೋರಲಿಟ್ಟಿದ್ದ ಅಣಬೆಯ ಕೊಡೆ ಎತ್ತಿದೆ — ಕೆಳಗೆ ಚಾಕೊಲೇಟ್ ಬಣ್ಣದ ಪುಡಿ, ಗೆರೆ ಗೆರೆಯಾಗಿ. ಕಂದು ಪುಡಿ ಉದುರಿದರೆ ಹುಲ್ಲಿನ ಅಣಬೆ, ಬಾಣಲೆಗೆ. ಬಿಳಿ ಉದುರಿದರೆ ಮುಲಾಜಿಲ್ಲದೆ ಕಸಕ್ಕೆ.

ಅತ್ತೆ ಹೆಗಲ ಮೇಲಿಂದ ಇಣುಕಿದರು. "ಏನೇ ಅದು, ಅಣಬೆದು ಎಕ್ಸ್-ರೇನಾ?"

"ಹೂಂ. ಪಾಸಾಗಿದೆ."

"ನೀನು ಪಾಸು ಮಾಡಿದ್ದಾ? ನಿನ್ನ ಪಾಸು-ಫೇಲು ನಂಗೊತ್ತು. ನನ್ನ ಮಗನ್ನೂ ಪಾಸು ಮಾಡಿದ್ದೋಳು ನೀನು."

ಸೋತೆ. ಬೆಳಿಗ್ಗೆ ಬೆಳಿಗ್ಗೇನೇ.

ಪಕ್ಕದ ಮನೆಯಾಕೆ ನಿನ್ನೆಯೂ ಕೇಳಿದಳು: ಡೈವೋರ್ಸ್ ಆದ ಮೇಲೂ ಗಂಡನ ತಾಯಿ ನಿಮ್ಮ ಹತ್ತಿರ ಯಾಕಿದ್ದಾರೆ? ಮಗ ನನ್ನನ್ನು ಬಿಟ್ಟ, ಇವರು ಬಿಡಲಿಲ್ಲ, ಅಷ್ಟೆ. ಅವನ ಹೊಸ ಮನೆಗೆ ಲಿಫ್ಟ್ ಇಲ್ಲ ಅಂತ ಇಲ್ಲೇ ಉಳಿದರು. ಇಲ್ಲಿಗೂ ಲಿಫ್ಟ್ ಇಲ್ಲ.

ಸಿಂಕಿನಲ್ಲಿ ಒಂದು ಕಾಳು ಮಣ್ಣಿಲ್ಲ. ಹೋದ ವರ್ಷದ ಮಹಾಯುದ್ಧದ ನಂತರ ಆದ ಒಪ್ಪಂದ. ಅಣಬೆ ಬುಡಸಮೇತ ಕಿತ್ತರೆ ಮಣ್ಣು ಬರುತ್ತದೆ, ಮಣ್ಣು ಬಂದರೆ ಸಿಂಕು ಕಟ್ಟುತ್ತದೆ, ಸಿಂಕು ಕಟ್ಟಿದರೆ ಅತ್ತೆಯ ಬಾಯಿ ಬಿಚ್ಚುತ್ತದೆ. ಹಾಗಾಗಿ ಈಗ ಅಲ್ಲೇ, ನೆಲದಿಂದ ಒಂದು ಬೆರಳು ಮೇಲೆ, ಚಾಕುವಿನಿಂದ ಕೊಯ್ದು ತರುವುದು. ಬುಟ್ಟಿ ಶುಭ್ರ, ಮನೆ ಶಾಂತ.

ನಿನ್ನೆ ತೋಪಿನಿಂದ ಹೊರಡುವ ಹೊತ್ತಿಗೆ ಹುಲ್ಲು ಮುಗಿಯುವ ಕಡೆ, ಓಕ್ ಮರದ ಕೆಳಗೆ, ಒಂದು ಹಿಡಿ ಮೊಗ್ಗು ಸಿಕ್ಕಿತು. ಇನ್ನೂ ಕೊಡೆ ಬಿಚ್ಚದ ಮರಿಗಳು. ಬಿಚ್ಚದ ಕೊಡೆಯಿಂದ ಪುಡಿ ಉದುರದು, ಆದ್ದರಿಂದ ಅವಕ್ಕೆ ಅಚ್ಚಿನ ಪರೀಕ್ಷೆ ಇಲ್ಲ. ಬಿಳುಪು ಅದೇ, ಹುಲ್ಲೂ ಹೆಚ್ಚುಕಮ್ಮಿ ಅದೇ. ದೊಡ್ಡವುಗಳ ತಂಗಿಯರು ಇರಬೇಕು ಎಂದು ಅವನ್ನೂ ಬುಟ್ಟಿಗೆ ಹಾಕಿಕೊಂಡೆ. ವಾಸನೆ ನೋಡೋಣ ಎಂದರೆ ನೆಗಡಿ. ಮೂಗು ಮುಖದ ಮೇಲೆ ಅಲಂಕಾರಕ್ಕಿದೆ.

ಸಂಜೆ

ಬಾಣಲೆ ಒಲೆಗಿಡುವ ಹೊತ್ತಿಗೆ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಫೋನು. ಯಾರೋ ಹಿರಿಯರು ಹೊಸ ಕನ್ನಡಕ ಹಾಕಿಕೊಂಡು ಮೆಟ್ಟಿಲೇ ಕಾಣುತ್ತಿಲ್ಲ ಎಂದು ಗಲಾಟೆ. ಹೋಗಿ ನೋಡಿದರೆ ಹೆಂಡತಿಯ ಕನ್ನಡಕ ಹಾಕಿಕೊಂಡು ಬಂದಿದ್ದಾರೆ.

ವಾಪಸು ಬಂದಾಗ ಬಾಣಲೆ ತೊಳೆದು ಕವುಚಿ ಹಾಕಿತ್ತು.

"ನನ್ನ ಪಾಲು?"

"ನೆಗಡಿಯೋಳಿಗೆ ರುಚಿ ಎಲ್ಲಿ ಗೊತ್ತಾಗತ್ತೆ? ದಂಡ. ನಾನೇ ತಿಂದೆ."

"ಎರಡು ಕೊಡೆ ಆದ್ರೂ ಎತ್ತಿಡಬಾರದಿತ್ತಾ?"

"ಕೊಡೆ ಅಂದ್ರೆ ಕೊಡೆ ಹೋಗೇ!" ಎಂದು ನಕ್ಕರು. ಹಲ್ಲಿನ ಸೆಟ್ ಇರಲಿಲ್ಲ, ನಗು ಮಾತ್ರ ಇತ್ತು. ಶ್ಲೇಷೆ ನನ್ನಿಂದ ಕಲಿತದ್ದು, ಗುರುವಿಗೇ ತಿರುಗಿಸಿದರು. ನನಗೆ ಬ್ರೆಡ್ಡು.

೧೫, ಭಾನುವಾರ. ಬೆಳಿಗ್ಗೆ

ಬೆಳಕು ಹರಿಯುವ ಮೊದಲೇ ಶುರುವಾಗಿದೆ. ವಾಂತಿ, ಭೇದಿ. ನಿಲ್ಲುತ್ತಿಲ್ಲ. ಬಚ್ಚಲಿನ ಗೋಡೆ ಹಿಡಿದು ಕೂತಿದ್ದಾರೆ.

"ಬ್ರೆಡ್ಡು ತಿಂದೋಳು ಗಟ್ಟಿ ಇದೀಯ ನೋಡು."

ನಾನು ನಗಲಿಲ್ಲ. ನಿನ್ನೆ ಮಧ್ಯಾಹ್ನ ತಿಂದದ್ದು, ಈಗ ಶುರು. ತಿಂದ ಸ್ವಲ್ಪ ಹೊತ್ತಿಗೇ ಹೊಟ್ಟೆ ಕೆಟ್ಟರೆ ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ. ತಡ ಮಾಡಿ ಶುರುವಾಗುವುದೇ ಕೆಟ್ಟದ್ದು. ನಮ್ಮ ಅಣಬೆ ಹುಡುಕುವವರ ಸಂಘದಲ್ಲಿ ಪ್ರತಿ ಸಲ ಹೇಳುವ ಮಾತು. ಪ್ರತಿ ಸಲ ತಲೆಯಾಡಿಸಿದ್ದೇನೆ, ಇದೆಲ್ಲ ಬೇರೆಯವರಿಗೆ ಅನ್ನುವ ಹಾಗೆ.

ಆಟೋ ಬಂತು.

ಮಧ್ಯಾಹ್ನ, ಆಸ್ಪತ್ರೆ

ಡ್ಯೂಟಿ ಡಾಕ್ಟರ್ ನಮ್ಮ ಅಂಗಡಿಯ ಗಿರಾಕಿ. ಮೂಗಿನ ಮೇಲಿನ ಕನ್ನಡಕ ನಾನೇ ಕೂರಿಸಿದ್ದು. ಅದರ ಹಿಂದಿನ ಕಣ್ಣು ಇವತ್ತು ನನ್ನನ್ನು ಬೇರೆ ಥರ ನೋಡಿತು.

"ಅಣಬೆ ಮಿಕ್ಕಿದೆಯಾ?"

"ಇಲ್ಲ. ಎಲ್ಲ ತಿಂದರು."

"ಬೇಯಿಸೋಕೆ ಮುಂಚೆ ನೋಡಿದ್ರಲ್ಲ. ಬುಡ ಹೇಗಿತ್ತು? ಬುಡಕ್ಕೆ ಚೀಲದ ಥರ, ಒಡೆದ ಮೊಟ್ಟೆ ಸಿಪ್ಪೆ ಥರ ಏನಾದ್ರೂ ಇತ್ತಾ?"

ಬುಡ.

"ಬುಡ ತರಲಿಲ್ಲ" ಅಂದೆ. "ಮೇಲೇ ಕೊಯ್ದೆ."

"ಯಾಕೆ?"

ಸಿಂಕು ಕಟ್ಟುತ್ತದೆ ಎಂದು ಡಾಕ್ಟರಿಗೆ ಹೇಗೆ ಹೇಳುವುದು? ಹೇಳಿದೆ. ಬರೆದುಕೊಳ್ಳಲಿಲ್ಲ. ವಿಷದ ಜಾತಿಗೆ ಇರುವ ಒಂದೇ ದೊಡ್ಡ ಗುರುತು ಮಣ್ಣೊಳಗಿರುತ್ತದೆ, ಮೇಡಂ, ಅಂದರು. ಗೊತ್ತು. ಗೊತ್ತಿತ್ತು. ಗೊತ್ತಿದ್ದೂ ಅದನ್ನು ಒಪ್ಪವಾಗಿ, ಒಂದು ಬೆರಳು ಮೇಲೆ, ಮಣ್ಣಲ್ಲೇ ಬಿಟ್ಟು ಬಂದವಳು ನಾನು.

ಡ್ರಿಪ್ ಹಾಕಿದ್ದಾರೆ. ಊಹೆಯ ಮೇಲೇ ಔಷಧಿಯನ್ನೂ ಶುರು ಮಾಡಿದ್ದಾರೆ.

೧೬, ಸೋಮವಾರ. ಬೆಳಿಗ್ಗೆ

ವಾಂತಿ ನಿಂತಿದೆ! ಎದ್ದು ಕೂತಿದ್ದಾರೆ. ಬಾಚಣಿಗೆ ಕೇಳಿದರು, ಚಹಾ ಕೇಳಿದರು, ಪಕ್ಕದ ಬೆಡ್ಡಿನವಳ ಗಂಡ ಏನು ಕೆಲಸ ಅಂತ ಕೇಳಿದರು. ಆ ಗಂಡನಿಗೆ ಕೆಲಸ ಇಲ್ಲವಂತೆ. "ಪರವಾಗಿಲ್ಲ, ನಮ್ಮ ಸೊಸೆಗೆ ಗಂಡನೇ ಇಲ್ಲ" ಎಂದು ಆಕೆಗೆ ಸಮಾಧಾನ ಹೇಳಿದರು.

ಕಾರಿಡಾರಿಗೆ ಬಂದು ಬಿಕ್ಕಿ ಬಿಕ್ಕಿ ಅತ್ತೆ. ಅತ್ತೆಗಾಗಿ ಅತ್ತೆ. ಬೇರೆ ದಿನವಾಗಿದ್ದರೆ ಈ ವಾಕ್ಯ ಅವರಿಗೇ ಓದಿ ತೋರಿಸುತ್ತಿದ್ದೆ.

ಡಾಕ್ಟರ್ ನನ್ನ ಮುಖ ನೋಡಿಯೇ ಕೈ ಅಡ್ಡ ಹಿಡಿದರು.

"ಖುಷಿ ಪಡಬೇಡಿ. ಆ ಜಾತಿ ಅಣಬೆ ಆಗಿದ್ರೆ ಹೀಗೇ. ನಡುವೆ ಒಂದು ದಿನ ಬಿಡುತ್ತೆ. ಹೊಟ್ಟೆ ಸುಮ್ಮನಾಗಿರುತ್ತೆ, ಒಳಗೆ ಲಿವರ್ ಹೋಗ್ತಾ ಇರುತ್ತೆ. ಎಷ್ಟೋ ಜನ ಇದೇ ದಿನ ನೋಡಿ ವಾಸಿ ಆಯ್ತು ಅಂತ ಮನೆಗೆ ಕರ್ಕೊಂಡು ಹೋಗಿಬಿಡ್ತಾರೆ."

ಒಳಗೆ ಹೋದೆ. "ಮನೆಗೆ ಯಾವಾಗ?" ಎಂದರು ಅತ್ತೆ, ಜಡೆ ಹಾಕಿಕೊಳ್ಳುತ್ತ.

ನಾದಿನಿ ಬಂದಳು. ಅವಳನ್ನು ನೋಡಿ ಎರಡು ವರ್ಷ. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು.

"ಅಡುಗೆ ಯಾರು ಮಾಡಿದ್ದು?"

"ಅತ್ತೆ. ತಂದದ್ದು ನಾನು."

"ನೀನು ತಿಂದ್ಯಾ?"

"ಇಲ್ಲ."

"ಓಹೋ."

ಒಂದು ಅಕ್ಷರ ಹೆಚ್ಚಿಲ್ಲ. ಅತ್ತೆ-ಸೊಸೆ ಜೋಕುಗಳಿಗೆಲ್ಲ ಇಷ್ಟು ದಿನ ನಕ್ಕದ್ದಕ್ಕೆ ಬಡ್ಡಿ ಸಮೇತ ಬಂತು. ಅತ್ತೆ ಮಂಚದಿಂದ ಕೂಗಿದರು: "ಏಯ್, ಅವಳ ಪಾಲನ್ನೂ ನಾನೇ ತಿಂದಿದ್ದು ಕಣೇ! ಅವಳನ್ನ ಯಾಕೆ ಕೇಳ್ತೀಯಾ, ನನ್ನ ಕೇಳು!"

ನಾದಿನಿ ಕೇಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಮಧ್ಯಾಹ್ನ

ತೋಪಿಗೆ ಹೋದೆ. ಅಡುಗೆಮನೆಯ ದೊಡ್ಡ ಚಮಚ ಹಿಡಿದುಕೊಂಡು. ಯಾರಿಗೂ ಹೇಳಲಿಲ್ಲ.

ಹುಲ್ಲಿನಲ್ಲಿ ನಾನು ಕೊಯ್ದು ಬಿಟ್ಟ ಬುಡದ ತುಂಡುಗಳು ಅಲ್ಲಲ್ಲೇ ಇವೆ, ಒಣಗಿ ಅಂಚು ಮಡಚಿಕೊಂಡಿವೆ. ಮಂಡಿಯೂರಿ ಒಂದೊಂದನ್ನೇ ಅಗೆದೆ. ಬುಡ ಬೋಳು. ಇನ್ನೊಂದು. ಬೋಳು. ಚೀಲ ಇಲ್ಲ. ಮತ್ತೊಂದು, ಬೋಳು. ಎಷ್ಟು ಹಗುರಾಯಿತು ಎಂದರೆ ನಾದಿನಿಗೆ ಹೇಳಬೇಕಾದ ಮಾತು ಮನಸ್ಸಿನಲ್ಲೇ ಜೋಡಿಸಿಕೊಂಡೆ, ಸಾಕಷ್ಟು ಚುಚ್ಚುಮಾತು ಸೇರಿಸಿ.

ಆಮೇಲೆ ಓಕ್ ಮರದ ಕೆಳಗೆ.

ಎಲೆ ಸರಿಸಿದೆ. ಸಣ್ಣ ಬಿಳಿ ಬಿಲ್ಲೆಗಳು, ಚಾಕು ಹಾದ ಗುರುತು ನೀಟಾಗಿದೆ. ನಾನು ಯಾವಾಗಲೂ ನೀಟು. ಚಮಚ ಇಳಿಸಿ ಮೀಟಿದೆ. ಮಣ್ಣು ಬಂತು, ಮಣ್ಣಿನ ಜೊತೆ ಅದು ಬಂತು. ಬಿಳಿ ಚೀಲ. ತೆಳ್ಳಗೆ, ಹರಿದ ಅಂಚು, ಒಡೆದ ಮೊಟ್ಟೆಯ ಹಾಗೆ, ನಡುವೆ ತೊಟ್ಟಿನ ಚೂರು. ಡಾಕ್ಟರ್ ಹೇಳಿದಂತೆಯೇ, ಪುಸ್ತಕದ ಚಿತ್ರದಂತೆಯೇ.

ಇನ್ನೊಂದು ಮೀಟಿದೆ. ಅದಕ್ಕೂ ಇತ್ತು. ಎಲ್ಲಕ್ಕೂ.

ಇಡೀ ದಿನ ಬೇರೆಯವರಿಗೆ ಗೋಡೆಯ ಮೇಲಿನ ಅಕ್ಷರ ಓದಿಸುವವಳು. ಕೊನೆಯ ಸಾಲು ಕಾಣಿಸುತ್ತಾ, ಅದರ ಕೆಳಗಿನದು ಕಾಣಿಸುತ್ತಾ ಅಂತ…

ಮಣ್ಣು ಸಮೇತ ಡಬ್ಬಿಗೆ ಹಾಕಿಕೊಂಡು ಓಡಿದೆ. ಡಾಕ್ಟರ್ ಮುಚ್ಚಳ ತೆಗೆದು ನೋಡಿ ಮುಚ್ಚಿದರು.

"ಇದುವರೆಗೆ ಊಹೆ ಮೇಲೆ ಕೊಡ್ತಿದ್ವಿ. ಇನ್ನು ಊಹೆ ಅಲ್ಲ" ಅಂದರು. ದೊಡ್ಡಾಸ್ಪತ್ರೆಗೆ ಕಳಿಸುತ್ತಾರಂತೆ, ಇವತ್ತೇ. ಈ ವಯಸ್ಸಿಗೆ ಬದಲಿ ಲಿವರ್ ಹಾಕುವುದು ಕಷ್ಟ. ಇರುವುದೇ ಚೇತರಿಸಿಕೊಳ್ಳಬೇಕು.

೧೮, ಬುಧವಾರ

ನಿನ್ನೆ ಬರೆಯಲಿಲ್ಲ. ಬರೆಯುವಂಥದ್ದಲ್ಲ ನಿನ್ನೆ.

ಕಣ್ಣು ಹಳದಿ. ಕಿಟಕಿಯ ಬೆಳಕಿಗೆ ತಿರುಗಿದಾಗ ಮೊದಲು ಕಂಡವಳು ನಾನೇ. ಕಣ್ಣು ನೋಡುವುದೇ ನನ್ನ ಉದ್ಯೋಗ.

ಬೆಳಿಗ್ಗೆ ಮಾತು ಸರಿಯಿತ್ತು. "ನೀನೇ ಕೊಂದೆ ಅಂತ ಯಾರಾದ್ರೂ ಅಂದ್ರೆ" — ಉಸಿರು ತೆಗೆದುಕೊಂಡರು — "ಹೂಂ ಅನ್ನು. ಇಷ್ಟು ವರ್ಷ ಆಯ್ತು ಇನ್ನೂ ಕೊಲ್ಲೋಕೂ ಬರಲ್ವಾ ಅಂತ ನಾನು ಬೈತೀನಿ."

"ಅತ್ತೆ, ಬಾಯಿ ಮುಚ್ಚಿ."

"ನೋಡಿದ್ಯಾ, ಸಾಯೋ ಹೊತ್ತಿಗೆ ಎದುರುತ್ತರ."

ನಗಿಸುತ್ತಿದ್ದರು. ನನ್ನನ್ನು.

ಮಧ್ಯಾಹ್ನದ ಹೊತ್ತಿಗೆ ಐಸಿಯು. ಬಾಗಿಲಲ್ಲಿ ಸಿಸ್ಟರ್ ತಡೆದಳು. "ಪಾಸ್ ಒಂದೇ. ಹತ್ತಿರದ ಸಂಬಂಧಿಕರಿಗೆ ಮಾತ್ರ. ನೀವು ಏನಾಗಬೇಕು?"

"ಸೊಸೆ."

"ಮಗನ ಹೆಂಡತಿಯಾ?"

ಏನೆಂದು ಹೇಳಲಿ? ಮಾಜಿ ಸೊಸೆ ಎನ್ನುವ ಪದ ಯಾವ ಭಾಷೆಯಲ್ಲಾದರೂ ಇದೆಯೇ? ನಾದಿನಿ ಮುಂದೆ ಬಂದು, "ನಾನು ಮಗಳು" ಎಂದು ಪಾಸ್ ಕೊರಳಿಗೆ ಹಾಕಿಕೊಂಡಳು. ನನ್ನ ಕಡೆ ನೋಡದೆ ಒಳಗೆ ಹೋದಳು. ಸರಿಯೇ. ಅವಳು ಮಗಳು.

ಇವರ ಮಗನಿಗೆ ಫೋನು ಮಾಡಿದೆ. ಹೊರಡುತ್ತಿದ್ದೇನೆ ಎಂದ. ಆಮೇಲೆ, "ನೀನು ಊಟ ಮಾಡಿದ್ಯಾ?" ಅಂದ. ಇಷ್ಟು ಕಾಲದಲ್ಲಿ ಅವನು ಕೇಳಿದ ಒಂದು ಒಳ್ಳೆಯ ಪ್ರಶ್ನೆ. ಅದೂ ಇವತ್ತು. ಕಟ್ ಮಾಡಿದೆ.

೧೯, ಗುರುವಾರ. ಮಧ್ಯಾಹ್ನ

ಐಸಿಯು ಹೊರಗಿನ ಬೆಂಚು. ಇಲ್ಲಿ ಎಲ್ಲರೂ ಗೋಡೆ ನೋಡುತ್ತಾರೆ. ಗೋಡೆಗೆ ಹಸಿರು ಬಣ್ಣ.

ದೊಡ್ಡ ಡಾಕ್ಟರ್ ಬಂದು ಹೇಳಿದರು: ರಕ್ತದ ರಿಪೋರ್ಟ್ ನಿನ್ನೆಗಿಂತ ಕೆಟ್ಟಿಲ್ಲ, ಸುಧಾರಿಸಿಯೂ ಇಲ್ಲ. ಲಿವರ್ ಸೋತರೆ ತಲೆಗೆ ಮಬ್ಬು ಹತ್ತುತ್ತದೆ. ಮಾತಾಡಿಸುತ್ತ ಇರಬೇಕು, ಗುರುತು ಹಿಡಿಯುತ್ತಾರೋ, ಸರಿಯಾಗಿ ಉತ್ತರ ಕೊಡುತ್ತಾರೋ ನೋಡುತ್ತ ಇರಬೇಕು. ಇವತ್ತು ರಾತ್ರಿಯೊಳಗೆ ಗೊತ್ತಾಗುತ್ತದೆ, ಈ ಕಡೆಯೋ ಆ ಕಡೆಯೋ.

ನಾದಿನಿ ಒಳಗಿದ್ದಾಳೆ. ಗಾಜಿನಿಂದ ಬೆನ್ನು ಮಾತ್ರ ಕಾಣುತ್ತದೆ.

ಹೊರಗೆ ಬಂದಳು. ಪಕ್ಕದಲ್ಲಿ ಕೂತಳು. ಈ ನಾಲ್ಕು ದಿನದಲ್ಲಿ ಮೊದಲ ಸಲ.

"ನನ್ನ ಗುರುತು ಸಿಗ್ತಿಲ್ಲ" ಅಂದಳು. "ಅಮ್ಮ ಅಂದೆ. ಸಿಸ್ಟರ್ ಅಂತ ಅಂದ್ಕೊಂಡು ನೀರು ಕೇಳಿದ್ಲು. ಥ್ಯಾಂಕ್ಸ್ ಅಂದ್ಲು. ನನಗೆ ಥ್ಯಾಂಕ್ಸ್ ಅಂದ್ಲು…"

ಅತ್ತೆ ಯಾರಿಗೂ ಥ್ಯಾಂಕ್ಸ್ ಹೇಳಿದವರಲ್ಲ. ಇಬ್ಬರಿಗೂ ಗೊತ್ತು. ಇಬ್ಬರೂ ಹಸಿರು ಗೋಡೆ ನೋಡಿದೆವು.

ಕೊರಳಿನ ಪಾಸ್ ತೆಗೆದು ನನ್ನ ಮಡಿಲಿಗೆ ಹಾಕಿದಳು.

"ಅತ್ತಿಗೆ, ನೀನ್ಹೋಗು. ನಿನ್ನನ್ನ ಕಂಡ್ರೆ ಬೈತಾಳೆ. ಬೈದೇ ಬೈತಾಳೆ. ಹೋಗು."

ಸಿಸ್ಟರ್ ಗೌನು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಪೆನ್ನು ಒಳಗಿಡಿ ಅನ್ನುತ್ತಿದ್ದಾಳೆ. ಹೊರಟೆ. ಬೈಯಲಿ, ದೇವರೇ. ಬಾಯಿ ತುಂಬ ಬೈಯಲಿ, ವಾರ್ಡಿನವರೆಲ್ಲ ಎದ್ದು ಕೂರುವ ಹಾಗೆ, ನನ್ನನ್ನು, ನನ್ನ ಅಪ್ಪನನ್ನು, ನನ್ನ…