ಶರ್ವಾಣಿ ಹೆಸರಿನ ಬಾಟಲಿ

ಜೂನ್ 8, 1998. ಹೊಳೆನರಸೀಪುರ

ಲ್ಯಾಬಿನಲ್ಲಿ ಹನ್ನೊಂದು ಮೂತ್ರ, ಆರು ರಕ್ತ. ಸ್ಪಿರಿಟ್ ಲ್ಯಾಂಪಿಗೆ ಹೊಸ ಬತ್ತಿ ಬೇಕು. ಹೆರಿಗೆಗೆ ಬಂದಿರುವ ಮಗಳು ಶರ್ವಾಣಿಗೂ ಬಾಟಲಿ ಕೊಟ್ಟೆ. ಎಂಟು ತಿಂಗಳು, ನೋಡಬೇಡವೇ? ಮುಖ ಕೆಂಪಗೆ ಮಾಡಿಕೊಂಡು ಒಳಗೆ ಹೋದಳು. ಮಗಳದ್ದನ್ನು ಅಪ್ಪ ಕುದಿಸಿ ನೋಡುವುದುಂಟೇ ಅಂತ ಹೆಂಡತಿ ಶ್ರೀರಂಗಮ್ಮನ ತಕರಾರು. ಊರಿನವರದ್ದೆಲ್ಲ ನೋಡುವವನಿಗೆ ಇದರಲ್ಲೇನು ಮಡಿ?

ಜೂನ್ 10

ಅಂತೂ ಬಂತು. ಶ್ರೀರಂಗಮ್ಮನೇ ತಂದಿಟ್ಟಳು, ಮೇಲೆ ಶರ್ವಾಣಿ ಹೆಸರಿನ ಚೀಟಿ. ಕುದಿಸಿದೆ. ಬೆಳ್ಳಗಾಗಲಿಲ್ಲ, ಅಂದರೆ ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಆಲ್ಬುಮಿನ್ ನಿಲ್ ಅಂತ ಬರೆದು ಸಹಿ ಹಾಕಿದೆ. ಸಮಾಧಾನ.

ಜೂನ್ 21

ಶರ್ವಾಣಿ ಕಾಲು ಊದಿದೆ. ಬಳೆ ಇಳಿಯುತ್ತಿಲ್ಲ. ತಲೆನೋವು ಬೇರೆ. ನರ್ಸ್ ಲಕ್ಕಮ್ಮ ಬಂದು ನೋಡಿ, "ಸಾ, ಬಿ.ಪಿ. ನೋಡುಸ್ಬುಡಿ, ನಂಗ್ಯಾಕೋ ಸರಿ ಕಾಣ್ತಿಲ್ಲ" ಅಂದಳು. ರಿಪೋರ್ಟ್ ತೋರಿಸಿದೆ. ಆಲ್ಬುಮಿನ್ ಇಲ್ಲದ ಮೇಲೆ ಬರೀ ಊತಕ್ಕೆ ಹೆದರಬೇಕಿಲ್ಲ, ಇಪ್ಪತ್ತಾರು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ ಅಂದೆ. ರಿಪೋರ್ಟ್ ವಾಪಸ್ ಕೊಟ್ಟು ಹೊರಟಳು.

ಜೂನ್ 27, ಮಧ್ಯಾಹ್ನ 3. ಹಾಸನ, ಆಸ್ಪತ್ರೆ

ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗಲೇ ಶರ್ವಾಣಿಗೆ ಫಿಟ್ಸ್. ಬಾಡಿಗೆ ಅಂಬಾಸಿಡರ್‌ನಲ್ಲಿ ಇನ್ನೆರಡು ಸಲ. ಆಪರೇಷನ್ ಆಯಿತು. ಗಂಡು. ಅಳಲಿಲ್ಲ… ಒಳಗೇ ಹೋಗಿಬಿಟ್ಟಿತ್ತು. ಶರ್ವಾಣಿಗೆ ಪ್ರಜ್ಞೆಯಿಲ್ಲ.

ಟಾಕ್ಸೀಮಿಯಾ ಅಂದರು ಡಾಕ್ಟರಮ್ಮ. ಮಾಸಿನಿಂದ ಎಂಥದೋ ವಿಷ ತಾಯಿಯ ರಕ್ತಕ್ಕೆ ಸೇರುತ್ತದಂತೆ. ರಕ್ತನಾಳದ ಒಳಮೈಗೆ ಒಂದೇ ಕೋಶದಷ್ಟು ದಪ್ಪದ ಪದರ — ಅದು ಕೆಟ್ಟರೆ ನಾಳ ಬಿಗಿಯುತ್ತದೆ, ಸೋರುತ್ತದೆ. ಬಿ.ಪಿ., ಊತ, ಆಲ್ಬುಮಿನ್, ಎಲ್ಲ ಅದರಿಂದಲೇ. ಮೂತ್ರ ಪರೀಕ್ಷೆ ಮಾಡಿಸಿರಲಿಲ್ಲವೇ ಅಂತ ಕೇಳಿದರು. ನನ್ನ ರಿಪೋರ್ಟ್ ಕೊಟ್ಟೆ. ಸಹಿ ಓದಿ, ನನ್ನ ಮುಖ ನೋಡಿ, ವಾಪಸ್ ಕೊಟ್ಟರು.

ಜೂನ್ 28

ಇಲ್ಲಿನ ಲ್ಯಾಬಿನವರನ್ನು ಬೇಡಿಕೊಂಡು ಶರ್ವಾಣಿಯ ಮೂತ್ರ ನಾನೇ ಕುದಿಸಿದೆ. ಟ್ಯೂಬಿನ ತುಂಬ ಮೊಸರಿನ ಹಾಗೆ ಗಟ್ಟಿ. ಹದಿನೆಂಟು ದಿನದಲ್ಲಿ ಇಷ್ಟೊಂದೇ? ಹೊರಗೆ ಬಂದು ಶ್ರೀರಂಗಮ್ಮನಿಗೆ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡಳು.

"ಅವತ್ತು ಕೊಟ್ಟಿದ್ದು ನಂದು ಕಣ್ರೀ. ಅವಳು ನಾಚ್ಕೊಂಡು ಅತ್ತುಬಿಟ್ಟಳು…"

ಹೊಡೆಯಬೇಕೆನಿಸಿತು. ಕೈ ಏಳಲಿಲ್ಲ. ಬಿ.ಪಿ. ಬೇಡವೆಂದವನು ನಾನು ತಾನೇ. ಲಕ್ಕಮ್ಮನ ಮಾತು ಕೇಳಿದ್ದರೆ ಸಾಕಿತ್ತು.

ಜುಲೈ 1, ಬೆಳಿಗ್ಗೆ 11

ಕಣ್ಣು ಬಿಟ್ಟಳು. ಕಿಡ್ನಿ ವಿಷಯ ಇನ್ನೂ ಹೇಳುವ ಹಾಗಿಲ್ಲವಂತೆ. ಬಿ.ಪಿ. ಏರಿದರೆ ಕಷ್ಟ, ಮಗುವಿನ ಸುದ್ದಿ ಈಗಲೇ ಬೇಡ ಅಂದಿದ್ದಾರೆ. ನನ್ನ ಬೆರಳು ಹಿಡಿದುಕೊಂಡು ಮೆಲ್ಲಗೆ —

"ಅಪ್ಪ, ಅಮ್ಮನ್ನ ಬೈಬೇಡ. ಬಾಟಲಿ ಕೊಡಲ್ಲ ಅಂತ ಹಠ ಮಾಡಿದ್ದು ನಾನು. ಅದರಿಂದ ಪಾಪುಗೇನೂ ಆಗಿಲ್ಲ ತಾನೇ?"

ಶ್ರೀರಂಗಮ್ಮ ಗೋಡೆ ಕಡೆ ತಿರುಗಿದಳು. ಆಲ್ಬುಮಿನ್ ನಿಲ್ ಅಂತ ಬರೆದಷ್ಟೇ ಧೈರ್ಯವಾಗಿ ನಾನು ಹೇಳಿದ್ದು: "ಏನೂ ಆಗಿಲ್ಲ, ಮಗಳೇ."