ಬೆಕ್ಕಿಲ್ಲದ ಮನೆಯ ಬೆಕ್ಕು

ಕಪ್ಪತಗುಡ್ಡದ ಸೆರಗು, ಗದಗ
ಆಷಾಢ ಮಾಸದ ಮೂವತ್ತೊಂಬತ್ತನೆಯ ದಿನ, ೨೧೯೪

ನನ್ನ ಅಜ್ಜಿಯ ಅಜ್ಜಿಯ ಅಜ್ಜಿಯಾದ ಗಿರಿಜವ್ವನವರಿಗೆ, ನೀಲಾಂಬಿಕಾ ಮಾಡುವ ಶರಣು.

ಮೇಲಿನ ತಾರೀಖನ್ನು ಕಂಡು, ಯಾರೋ ಹುಡುಗಾಟಿಕೆ ಮಾಡಿದ್ದಾರೆಂದು ಈ ಕಾಗದವನ್ನು ಬದಿಗಿಡಬೇಡಿ. ನಮ್ಮ ಕಾಲಕ್ಕೆ ಗಾಳಿಯ ದಿನಗಳು ಉದ್ದವಾಗಿವೆ. ಆದ್ದರಿಂದ ಪಂಚಾಂಗದವರು ಚೈತ್ರ ವೈಶಾಖಗಳಿಂದ ಒಂದಷ್ಟು ದಿನ ಕಿತ್ತು ಆಷಾಢಕ್ಕೆ ಹೊಲಿದಿದ್ದಾರೆ. ನಾನು ಬರೆಯುವ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮನ್ನು ಅಜ್ಜಿ ಎನ್ನಲು ನನಗೂ ಸಂಕೋಚವೇ. ಈ ಕಾಗದ ತಲುಪುವ ಹೊತ್ತಿಗೆ ನಿಮಗೆ ಮೂವತ್ನಾಲ್ಕು ವಯಸ್ಸು, ನನಗೆ ಈಗ ನಲವತ್ತೊಂದು. ಆದರೂ ಹೆಸರು ಹಿಡಿದು ಕರೆಯುವ ಧೈರ್ಯ ನನಗಿಲ್ಲ.

ಇದನ್ನು ತರುವುದು ಹಿಮ್ಮುಖ ಅಂಚೆ. ಒಂದು ಮನೆತನಕ್ಕೆ, ಒಂದು ತಲೆಮಾರಿಗೆ, ಹಿಂದಿನವರಿಗೆ ಒಂದೇ ಕಾಗದ ಬರೆಯಲು ಅನುಮತಿ. ಯುದ್ಧ, ಚುನಾವಣೆ, ಬಂಗಾರದ ಧಾರಣೆ ಇವುಗಳ ಸುದ್ದಿ ಬರೆದರೆ ಅಂಚೆಯವರು ನಿರ್ದಾಕ್ಷಿಣ್ಯವಾಗಿ ಅಳಿಸಿಹಾಕುತ್ತಾರೆ. ಮನೆಯ ಮಾತು, ಕೆಲಸದ ಮಾತು ಬರೆಯಬಹುದು. ನಮ್ಮ ಮನೆತನದ ಸರದಿ ನನಗೆ ಬಂತು. ನೀವು ಆಸ್ಪತ್ರೆಯೊಂದರಲ್ಲಿ ಈಚೆಗಷ್ಟೇ ವಾರ್ಡಿನ ಮುಖ್ಯ ನರ್ಸ್ ಆಗಿದ್ದೀರಿ, ಕೈಕೆಳಗೆ ಒಂಬತ್ತು ಜನ ಇದ್ದಾರೆ, ಮನೆಯಲ್ಲಿ ಆರು ವರ್ಷದ ಮಗಳು ಶಾಂಭವಿ ಇದ್ದಾಳೆ ಎಂಬುದು ಅಂಚೆಯವರ ದಾಖಲೆಯಿಂದ ನನಗೆ ಗೊತ್ತು. ಅದಕ್ಕೇ ನಿಮ್ಮನ್ನು ಆರಿಸಿಕೊಂಡೆ.

ನಾನು ಗಾಳಿಕಂಬಗಳ ಕೆಲಸದವಳು. ನಿಮ್ಮ ಕಾಲದಲ್ಲೂ ಈ ಗುಡ್ಡದ ಸುತ್ತ ರೆಕ್ಕೆ ತಿರುಗಿಸುವ ಕಂಬಗಳಿದ್ದವಲ್ಲ, ಈಗ ಅವುಗಳ ಎತ್ತರ ನಾಲ್ಕು ಪಟ್ಟು. ನಲವತ್ತು ಕಂಬಗಳಿಗೆ ಏಳು ಜನರ ಒಂದು ಮೇಳ, ಮೇಳದ ಮುಖ್ಯಸ್ಥೆಗೆ ಮೇಳಗಿತ್ತಿ ಎನ್ನುತ್ತಾರೆ. ಹದಿಮೂರು ವರ್ಷ ಕಂಬ ಹತ್ತಿ ಇಳಿದ ಮೇಲೆ ನನ್ನನ್ನು ಮೇಳಗಿತ್ತಿ ಮಾಡಿದರು. ಅಲ್ಲಿಯತನಕ ನನ್ನನ್ನು ನೀಲವ್ವಾ ಎಂದು ಕರೆಯುತ್ತಿದ್ದ ದಾವಲಸಾಬ ಕಾಕಾ, ಮರುದಿನದಿಂದ ಅಕ್ಕಾರ ಎನ್ನತೊಡಗಿದರು. ಅವರಿಗೆ ಐವತ್ತೇಳು. ನನಗೆ ಮೊದಲ ಸಲ ಕಂಬ ಹತ್ತಲು ಕಲಿಸಿದವರೇ ಅವರು. ಅಕ್ಕಾರ ಎಂದು ಕರೆಸಿಕೊಂಡಾಗ ನನಗೆ ಖುಷಿಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ನನ್ನ ದನಿ ಹುಟ್ಟಾ ದೊಡ್ಡದು. ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು, ಎಲ್ಲಾದರೂ ಎಣ್ಣೆ ಸೋರಿದ್ದರೆ, ಹಗ್ಗ ಸಡಿಲಿದ್ದರೆ, ಮೊದಲು ಕೇಳುತ್ತಿದ್ದುದು, “ಯಾರ ಮಾಡಿದ್ದು?” ಯಾರೂ ಮಾಡಿರುತ್ತಿರಲಿಲ್ಲ. ಮೊದಲ ವರ್ಷ ನಮ್ಮ ಮೇಳದ ತಪ್ಪಿನ ಹಲಗೆಯ ಮೇಲೆ ಸೊನ್ನೆ. ತಪ್ಪಿನ ಹಲಗೆ ಎಂದರೆ ಕೆಲಸದಲ್ಲಾದ ಲೋಪಗಳನ್ನು ಅವರವರೇ ಬರೆಯಬೇಕಾದ ಫಲಕ. ಹುಬ್ಬಳ್ಳಿಯ ಗಾಳಿಮನೆಯಿಂದ, ಅಂದರೆ ನಮ್ಮ ಮುಖ್ಯ ಕಚೇರಿಯಿಂದ, ನನಗೊಂದು ಶಾಲು ಬಂತು. ಅದನ್ನು ಹೊದ್ದುಕೊಂಡು ತೆಗೆಸಿದ ಚಿತ್ರ ಇನ್ನೂ ಮನೆಯಲ್ಲಿದೆ. ನೋಡಿದರೆ ಈಗ ನಗು ಬರುತ್ತದೆ.

ಎರಡು ವರ್ಷದ ಹಿಂದಿನ ಒಂದು ಬೆಳಗಿನ ಮಾತು ಹೇಳುತ್ತೇನೆ. ನನ್ನ ಮಗಳು ಜಕ್ಕವ್ವನಿಗೆ ಆಗ ಐದು ವರ್ಷ. ಗಂಡ ಕಲ್ಮೇಶ ಊರೊಲೆಯಲ್ಲಿ ರೊಟ್ಟಿ ಬಡಿಯುವ ಕೆಲಸದವನು. ಓಣಿಗೊಂದು ದೊಡ್ಡ ಅಡುಗೆಮನೆ ಇರುತ್ತದೆ, ಅದೇ ಊರೊಲೆ. ದಿನದ ರೊಟ್ಟಿ ಪಲ್ಯ ಅಲ್ಲಿಂದಲೇ ಬರುತ್ತದೆ, ಹಬ್ಬದಡುಗೆ ಮಾತ್ರ ಮನೆಯಲ್ಲಿ. ಅವತ್ತು ಅವನಿಗೆ ರಜೆ. ನಾನು ಹೊರಡುವ ಅವಸರದಲ್ಲಿ ಚೀಲ ತೆರೆದೆ. ನನ್ನ ಬಿಗಿಗೋಲಿನ ಗಾಜಿನ ಮೇಲೆ ಕೂದಲೆಳೆಯಷ್ಟು ಸಣ್ಣ ಸೀಳು ಕಾಣಿಸಿತು. ಬೋಲ್ಟು ಎಷ್ಟು ಬಿಗಿಯಾಗಿದೆ ಎಂದು ಅಂಕಿ ತೋರಿಸುವ ಉಪಕರಣ ಅದು. ಅದನ್ನು ಪ್ರತಿದಿನ ಉಗ್ರಾಣದಲ್ಲಿಟ್ಟು ಬರಬೇಕು, ಮನೆಗೆ ತರಬಾರದು ಎಂಬುದು ನಿಯಮ. ಉಗ್ರಾಣಕ್ಕೆ ಸುತ್ತು ಹಾಕುವ ಬೇಸರಕ್ಕೆ ನಾನು ತಿಂಗಳಿಂದ ಮನೆಗೇ ತರುತ್ತಿದ್ದೆ.

“ಯಾರ ಒಡದಾರ ಇದನ್ನ?” ಎಂದು ಕೂಗಿದೆ.

ಜಕ್ಕಿ ಬಟ್ಟಲಿನಿಂದ ತಲೆ ಎತ್ತದೆ, “ಬೆಕ್ಕು” ಎಂದಳು.

“ನಮ್ಮನ್ಯಾಗ ಬೆಕ್ಕ ಎಲ್ಲೈತಿ?”

“ಬಂದಿತ್ತು. ಹೋತು.”

ನಾನು ಇನ್ನೂ ದೊಡ್ಡ ದನಿಯಲ್ಲಿ ಸುಳ್ಳು, ಮಾರಿ, ಏಟು ಎಂದೇನೇನೋ ಅಂದೆ. ಅವಳು ಬಟ್ಟಲು ಬಿಟ್ಟು ಮಂಚದ ಕೆಳಗೆ ಸೇರಿದಳು. ಕಲ್ಮೇಶ ಎದ್ದು ಬಂದ. ಮಂಚದ ಹತ್ತಿರ ನೆಲದ ಮೇಲೆ ಕಾಲು ಚಾಚಿ ಕುಳಿತ. ಒಂದೆರಡು ನಿಮಿಷ ಸುಮ್ಮನೇ ಕುಳಿತ. ನನಗೋ ಹೊತ್ತಾಗುತ್ತಿತ್ತು, ಮೈ ಉರಿಯುತ್ತಿತ್ತು. ಆಮೇಲೆ ಅವನು ಕೇಳಿದ, “ಆ ಬೆಕ್ಕು ಏನೇನ್ ಮಾಡ್ತವ್ವಾ? ನನಗ ಪೂರಾ ಹೇಳು.”

ಮಂಚದ ಕೆಳಗಿನಿಂದ ದನಿ ಬಂತು. “ಬೆಕ್ಕು ಮ್ಯಾಳಿಗಿ ಮ್ಯಾಲೆ ಹೋತು. ಗೊಂಬಿಗೆ ಗಾಳಿಕಂಬ ಮಾಡ್ತು. ಅವ್ವನ ಕೋಲು ನಿಲ್ಲಿಸ್ತು. ಅದು ಕೆಳಗ ಅಂಗಳಕ್ಕ ಬಿತ್ತು.”

“ಆಮ್ಯಾಲೆ?”

“ಬೆಕ್ಕು ಅದನ್ನ ಒರಸಿ ಚೀಲದಾಗ ಇಟ್ತು. ಆಮ್ಯಾಲೆ ಬೆಕ್ಕು ಅತ್ತತು.”

“ಅಯ್ಯ, ಪಾಪ. ಯಾವತ್ತವ್ವಾ ಇದು?”

“ಕಡಬು ಮಾಡಿದ್ದಿನ.”

ಕಡಬು ಮಾಡಿ ಆರು ದಿನವಾಗಿತ್ತು. ನನ್ನ ಕೋಪ ಎಲ್ಲಿ ಹೋಯಿತೋ ತಿಳಿಯದು. ಆ ಆರು ದಿನಗಳಲ್ಲಿ ನಾನು ಅದೇ ಬಿಗಿಗೋಲು ಹಿಡಿದು ಮೂರು ಕಂಬಗಳ ಬೋಲ್ಟು ಬಿಗಿದಿದ್ದೆ. ಮಾಳಿಗೆಯ ಮೇಲಿನಿಂದ ಬಿದ್ದ ಬಿಗಿಗೋಲು ಹೇಳಿದ ಅಂಕಿಯನ್ನು ನಂಬುವಂತಿಲ್ಲ. ಆ ಮೂರರಲ್ಲಿ ಒಂದಾದ ಹದಿನೈದನೆಯ ಕಂಬದ ರೆಕ್ಕೆಯನ್ನು ಅವತ್ತು ಬೆಳಿಗ್ಗೆ ತಿರುಗಲು ಬಿಡಬೇಕಿತ್ತು. ಅದಕ್ಕಾಗಿ ದಾವಲಸಾಬ ಕಾಕಾ ಮತ್ತು ಸಾವಂತ್ರಿ ಆಗಲೇ ಏರತೊಡಗಿದ್ದರು. ಸಾವಂತ್ರಿ ನಮ್ಮ ಮೇಳದ ಎಲ್ಲರಿಗಿಂತ ಕಿರಿಯ ಕೆಲಸಗಾರ್ತಿ, ಅವಳ ಮದುವೆಯಾಗಿ ಎರಡು ತಿಂಗಳಾಗಿತ್ತು.

ಕಿವಿಗುಂಡಿ ಒತ್ತಿದೆ. ದೂರದವರ ಜೊತೆ ಮಾತಾಡಲು ನಾವು ಕಿವಿಯಲ್ಲಿ ಇಟ್ಟುಕೊಳ್ಳುವ ಗುಂಡಿ ಅದು.

“ಕಾಕಾ, ಇಬ್ಬರೂ ಇಳೀರಿ. ಈಗಿಂದೀಗ.”

“ಯಾಕ್ರಿ ಅಕ್ಕಾರ? ಅರ್ಧಾ ಏರೀವಿ.”

ಗಿರಿಜವ್ವನವರೇ, ಆಗ ನನ್ನ ಬಾಯಿಂದ ಬಂದ ಮಾತನ್ನು ಬರೆಯಲು ಇಂದಿಗೂ ನಾಚಿಕೆ. “ಗಾಳಿ ಜೋರ ಆಗತೈತಿ ಅಂತ ಸುದ್ದಿ ಬಂದೈತ್ರಿ” ಎಂದೆ.

“ಗಾಳೀನ? ಇಲ್ಲಿ ಒಂದ್ ಎಲಿ ಸುದ್ದಾ ಅಲಗಾಡವಲ್ದಲ್ರಿ. ಕೆಲಸಾ ಮುಗಿಸೇ ಇಳೀತೀವಿ ತಗೋರಿ.”

ಮಂಚದ ಕೆಳಗಿನಿಂದ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ನನ್ನ ಮಗಳು ಒಂದು ಬೆಕ್ಕನ್ನು ಹುಟ್ಟಿಸಿದ್ದಳು, ನಾನು ಒಂದು ಬಿರುಗಾಳಿಯನ್ನೇ ಹುಟ್ಟಿಸಿದ್ದೆ. ಅವಳಿಗೆ ನನ್ನ ದನಿಯ ಹೆದರಿಕೆ. ನನಗೆ ಯಾರ ಹೆದರಿಕೆ? ಆ ಶಾಲಿನದ್ದೇ ಇರಬೇಕು. ನಾನು ನೆಲಕ್ಕೆ ಕುಳಿತುಬಿಟ್ಟೆ.

“ಕಾಕಾ, ಗಾಳಿ ಸುದ್ದಿ ಸುಳ್ಳು. ನನ್ನ ಬಿಗಿಗೋಲು ಕೆಟ್ಟೈತಿ. ನಿಯಮ ಮೀರಿ ಮನಿಗೆ ತಂದಿದ್ದೆ, ಮ್ಯಾಲಿಂದ ಬಿದ್ದೈತಿ. ನಾ ನೋಡಿಕೊಳ್ಳಲಿಲ್ಲ. ಆ ಕಂಬದ ಬೋಲ್ಟು ಸಡ್ಲ ಇರಬೇಕು. ತಪ್ಪು ನಂದ. ಕೈ ಮುಗೀತೀನಿ, ಇಳೀರಿ.”

ಆ ಕಡೆಯಿಂದ ಕೊಂಡಿಗಳ ಸದ್ದು ಬಂತು. ಆಮೇಲೆ, “ಇಳದ್ವಿ ನೀಲವ್ವಾ” ಎಂಬ ಮಾತು ಕೇಳಿತು.

ಬೇರೆ ಬಿಗಿಗೋಲು ತಂದು ನೋಡಿದಾಗ, ಆ ಕಂಬದ ರೆಕ್ಕೆಗಳು ಕೂಡುವ ಜಾಗದ ನಲವತ್ತೆಂಟು ಬೋಲ್ಟುಗಳಲ್ಲಿ ಮೂವತ್ತೊಂದು ಸಡಿಲ. ರೆಕ್ಕೆ ತಿರುಗಲು ಬಿಟ್ಟಿದ್ದರೆ ಮೇಲಿದ್ದ ಇಬ್ಬರ ಗತಿ ಏನಾಗುತ್ತಿತ್ತೋ, ಅದನ್ನು ನಾನು ಪೂರ್ತಿ ಯೋಚಿಸುವ ಧೈರ್ಯ ಮಾಡಿಲ್ಲ. ಕೋಲು ಬಿದ್ದದ್ದು ಜಕ್ಕಿ ಹೇಳಿದ್ದರಿಂದ ತಿಳಿಯಿತೆಂದು ನನ್ನಿಂದ ಕೇಳಿದ ಸಾವಂತ್ರಿ ನೀರು ಕುಡಿದು, “ಅಕ್ಕಾರ, ನಿಮ್ಮ ಮಗಳಿಗೆ ನಂದೊಂದು ಮುತ್ತು ಕೊಡ್ರಿ” ಎಂದಷ್ಟೇ ಹೇಳಿದಳು. ಉಳಿದೆರಡು ಕಂಬಗಳನ್ನೂ ನಿಲ್ಲಿಸಿ ಮತ್ತೆ ಬಿಗಿದೆವು. ಅಂದೇ ನಾನು ತಪ್ಪಿನ ಹಲಗೆಯ ಮೇಲೆ ನನ್ನ ಹೆಸರು ಬರೆದು, ಕಡಬಿನ ದಿನದಿಂದ ಆದದ್ದನ್ನೆಲ್ಲ ಎಲ್ಲರೆದುರು ಹೇಳಿದೆ. ಬೆಕ್ಕಿನ ಭಾಗಕ್ಕೆ ಬಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಬೇರೆ ಯಾರೂ ಏನನ್ನೂ ಬರೆಯಲಿಲ್ಲ.

ನಾಲ್ಕನೆಯ ದಿನ ದಾವಲಸಾಬ ಕಾಕಾ ಉಗ್ರಾಣದ ಹಿಂದೆ ಬಂದು ನಿಂತರು. “ನೀಲವ್ವಾ, ನನ್ನ ಕಡೀನೂ ಒಂದು ಬೆಕ್ಕೈತಿ” ಎಂದರು. ಯಾರು, ಯಾಕೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂಬ ಮೂರೂ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿದ್ದವು. ಹಲ್ಲು ಕಚ್ಚಿ ಹಿಡಿದೆ. ಅಲ್ಲೇ ಒಂದು ಕಟ್ಟಿಗೆಯ ದಿಂಡಿನ ಮೇಲೆ ಕುಳಿತು, “ಪೂರಾ ಹೇಳ್ರಿ ಕಾಕಾ” ಎಂದೆ. ಎರಡು ತಿಂಗಳಿಂದ ಅವರಿಗೆ ಸಣ್ಣ ಅಂಕಿಗಳು ಕಾಣುತ್ತಿರಲಿಲ್ಲ. ಮೇಲೆ ಹೋದಾಗ ಸಾವಂತ್ರಿ ಗುಟ್ಟಾಗಿ ಓದಿ ಹೇಳುತ್ತಿದ್ದಳು. ಗೊತ್ತಾದರೆ ಕೆಲಸದಿಂದ ತೆಗೆದಾರೆಂಬ ಹೆದರಿಕೆ. ಹೇಳುತ್ತ ಹೇಳುತ್ತ ಆ ದೊಡ್ಡ ಮನುಷ್ಯ ಟೋಪಿ ತೆಗೆದು ಮುಖ ಒರೆಸಿಕೊಂಡರು. ಆ ವಾರವೇ ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋದೆ. ಪೊರೆ ತೆಗೆಸಿದ ಮೇಲೆ ಅವರು ನನ್ನನ್ನು ದಿಟ್ಟಿಸಿ ನೋಡಿ, “ನಿನ್ನ ತಲ್ಯಾಗ ಇಷ್ಟ ಬಿಳಿ ಕೂದಲಾ ಯಾವಾಗ ಬಂದ್ವು?” ಎಂದರು.

ಅಲ್ಲಿಂದ ದಾರಿ ಬಿಟ್ಟುಕೊಂಡಿತು. ನಂದೊಂದು ಬೆಕ್ಕೈತಿ ಎನ್ನುವುದು ನಮ್ಮ ಮೇಳದ ಮಾತೇ ಆಯಿತು. ಒಬ್ಬರು ಒಂಬತ್ತನೆಯ ಕಂಬದ ತುದಿಯಲ್ಲಿ ಬೋಲ್ಟು ತಿರುಗಿಸುವ ಪಾನಾ ಮರೆತು ಬಂದಿದ್ದರು, ಇನ್ನೊಬ್ಬರು ಎಣ್ಣೆ ಹಾಕದೆ ಹಾಕಿದ್ದೇನೆಂದು ಬರೆದಿದ್ದರು. ತಿಂಗಳ ಕೊನೆಗೆ ಹಲಗೆಯ ಮೇಲೆ ಇಪ್ಪತ್ತೇಳು ತಪ್ಪು. ಗಾಳಿಮನೆಯಿಂದ ಮಹಾನಂದಾ ಎಂಬ ತಪಾಸಣಾಧಿಕಾರಿ ಓಡಿ ಬಂದರು.

“ಹ್ವಾದ ವರ್ಷ ಒಂದೂ ಇರಲಿಲ್ಲ, ಈಗ ಇಪ್ಪತ್ತೇಳು! ಏನಾಗೈತಿ ನಿಮ್ಮ ಮೇಳಕ್ಕ?”

“ಹ್ವಾದ ವರ್ಷಾನೂ ಇದ್ದವ್ರಿ” ಎಂದೆ. “ನನಗ ಯಾರೂ ಹೇಳಿರ್ಲಿಲ್ಲ.”

ಅವರು ಹಲಗೆಯ ಮುಂದೆ ಒಂದು ತಾಸು ನಿಂತು ಒಂದೊಂದನ್ನೂ ಓದಿದರು. ಬಿಗಿಗೋಲನ್ನು ಮನೆಗೆ ಒಯ್ದದ್ದಕ್ಕೆ ನನಗೆ ಮೂರು ತಿಂಗಳು ಕಂಬ ಹತ್ತದಂತೆ ಶಿಕ್ಷೆ ವಿಧಿಸಿದರು. ಅದು ನ್ಯಾಯವೇ ಆಗಿತ್ತು. ಮೇಳಗಿತ್ತಿಯ ಕೆಲಸವನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ಆ ಮೂರು ತಿಂಗಳು ಉಗ್ರಾಣದಲ್ಲಿ ಕುಳಿತು ಎಲ್ಲರ ಬಿಗಿಗೋಲುಗಳನ್ನು ಒರೆಸಿ ಪರೀಕ್ಷಿಸಿದೆ, ಬಂದವರ ಮಾತು ಕೇಳಿದೆ.

ಮನೆಯ ಪಾಠವೆಲ್ಲ ಕೆಲಸದಲ್ಲಿ ನಡೆಯುತ್ತದೆಂದು ತಿಳಿಯಬೇಡಿ. ಜಕ್ಕಿ ಆಟಿಕೆ ಎತ್ತಿಟ್ಟರೆ ಒಂದು ಬೆಲ್ಲದ ತುಂಡು ಕೊಡುವ ರೂಢಿ ನಮ್ಮಲ್ಲಿತ್ತು. ಅದನ್ನೇ ಮೇಳದಲ್ಲೂ ಮಾಡೋಣವೆಂದು, ಸಾಮಾನು ಸರಿಯಾಗಿ ಜೋಡಿಸಿಟ್ಟ ದಾವಲಸಾಬ ಕಾಕಾರ ಕೈಗೆ ಬೆಲ್ಲ ಇಟ್ಟೆ. ಅವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ನನಗೇನ್ ಹಲ್ಲ ಬರಾಕ ಹತ್ತ್ಯಾವೇನ?” ಎಂದರು. ಬೆಲ್ಲವನ್ನು ತಿಂದರು, ಆದರೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ನನ್ನ ದನಿಯೂ ಸಣ್ಣದಾಗಿಲ್ಲ. ಹೋದ ವಾರವೇ ಹಗ್ಗದ ವಿಷಯಕ್ಕೆ ಕೂಗಾಡಿ, ಆಮೇಲೆ ಹೋಗಿ ತಪ್ಪಾಯಿತೆಂದು ಹೇಳಿ ಬಂದೆ.

ಇನ್ನು ನಿಮಗೇ ಬರೆಯಲು ಕಾರಣ. ನಮ್ಮ ಮನೆತನದಲ್ಲಿ ನಿಮ್ಮ ಬಗ್ಗೆ ಉಳಿದು ಬಂದಿರುವುದು ಒಂದೇ ಮಾತು: ಗಿರಿಜವ್ವನ ಮುಂದೆ ಯಾರೂ ತಪ್ಪು ಮಾಡುತ್ತಿರಲಿಲ್ಲವಂತೆ, ಮನೆಯಲ್ಲೂ, ಆಸ್ಪತ್ರೆಯಲ್ಲೂ. ಆರು ತಲೆಮಾರು ಇದನ್ನು ಹೆಮ್ಮೆಯಿಂದ ಹೇಳಿಕೊಂಡು ಬಂದೆವು. ನಾನೂ ಹೇಳುತ್ತಿದ್ದೆ. ಈಗ ಆ ಮಾತು ಕೇಳಿದರೆ ಹೆದರಿಕೆಯಾಗುತ್ತದೆ. ನಮ್ಮಲ್ಲಿ ಸಡಿಲವಾಗುವುದು ಬೋಲ್ಟು. ನಿಮ್ಮ ವಾರ್ಡಿನಲ್ಲಿ ಒಂದು ಗುಳಿಗೆ, ಒಂದು ಸೂಜಿ, ಮಲಗಿರುವ ಒಂದು ಜೀವ. ಆ ಒಂಬತ್ತು ಜನರಲ್ಲಿ ಯಾರೋ ಒಬ್ಬರು ಇವತ್ತು ನಿಮಗೆ ಏನನ್ನೋ ಹೇಳಬೇಕೆಂದು ಬಾಗಿಲತನಕ ಬಂದು ತಿರುಗಿ ಹೋಗಿರಬಹುದು. ಶಾಂಭವಿಯೂ ಹಾಗೇ ಮಾಡಿರಬಹುದು.

ನಾನು ಬೇಡುವುದು ಇಷ್ಟೇ. ಇವತ್ತು ಮನೆಗೆ ಹೋದ ಮೇಲೆ ಕೈಚೀಲ ಕೆಳಗಿಟ್ಟು ಅವಳ ಹತ್ತಿರ ನೆಲದ ಮೇಲೆ ಕುಳಿತುಕೊಳ್ಳಿ, ಏನನ್ನೂ ಕೇಳಬೇಡಿ. ಅವಳಾಗಿ ಬಾಯಿ ಬಿಟ್ಟರೆ, ಎಷ್ಟೇ ಉದ್ದವಾದರೂ, ಪೂರ್ತಿ ಹೇಳಿ ಮುಗಿಸಲು ಬಿಡಿ. ನಾಳೆ ವಾರ್ಡಿಗೆ ಹೋದಾಗ ನಿಮ್ಮದೇ ಒಂದು ತಪ್ಪನ್ನು ಆ ಒಂಬತ್ತು ಜನರ ಮುಂದೆ ಮೊದಲು ಹೇಳಿ. ಮೊದಲ ದಿನ ಯಾರೂ ತುಟಿ ಬಿಚ್ಚುವುದಿಲ್ಲ, ಬೇಸರಿಸಬೇಡಿ. ನನಗಂತೂ ನಾಲ್ಕು ದಿನ ಬೇಕಾಯಿತು. ನೀವು ಮಾಡಿದಿರೋ ಇಲ್ಲವೋ ನನಗೆ ತಿಳಿಯುವ ಬಗೆ ಒಂದೇ. ನಾಳೆ ಬೆಳಿಗ್ಗೆ ನಾನು ಎದ್ದಾಗ, ಗಿರಿಜವ್ವನ ಹತ್ತಿರ ಏನು ಬೇಕಾದರೂ ಹೇಳಬಹುದಿತ್ತಂತೆ ಎಂದು ನಮ್ಮವ್ವ ಜಕ್ಕಿಗೆ ಕಥೆ ಹೇಳುತ್ತಿದ್ದರೆ, ಈ ಕಾಗದ ತಲುಪಿತೆಂದು ತಿಳಿಯುತ್ತೇನೆ.

ಅಂಚೆಯವರು ಕೊಟ್ಟ ಎರಡು ಹಾಳೆ ಮುಗಿದವು, ಅಂಚೆಯವರು ಬಾಗಿಲಲ್ಲಿ ನಿಂತಿದ್ದಾರೆ. ಮೈ ಕಡೆ ನಿಗಾ ಇರಲಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಶಾಂಭವಿಗೆ ನನ್ನ ಆಶೀರ್ವಾದ ಎನ್ನಬೇಕೋ, ನಮಸ್ಕಾರ ಎನ್ನಬೇಕೋ ತಿಳಿಯದೆ ಎರಡನ್ನೂ ಬರೆದಿದ್ದೇನೆ.

ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು,
ನೀಲಾಂಬಿಕಾ ಮುಳಗುಂದ